ಗುರ್ಜಿ ಹೊತ್ತ ಮಕ್ಕಳು: ಬಯಲುಸೀಮೆಯ ಬರ ಮತ್ತು ಮಳೆಯ ಆಚರಣೆಗಳ ಚರಿತ್ರೆ

ಪಶ್ಚಿಮಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 200 ಕಿಲೋಮೀಟರು ಸಾಗಿ ಚಳ್ಳಕೆರೆಯ ಸೀಮೆಯನ್ನು ಮುಟ್ಟಿದರೆ, 500 ಮಿಲಿಮೀಟರು ಮಳೆಯಾದ ವರ್ಷವೇ ಅಲ್ಲಿಯವರ ಪಾಲಿಗೆ ಒಳ್ಳೆಯ ವರ್ಷ. ಘಟ್ಟವು ತಡೆದು ಉಳಿದ ಮೋಡಗಳನ್ನೇ ನಂಬಿ ಬಿತ್ತಬೇಕಾದ ಈ ಮಳೆನೆರಳಿನ ಪ್ರದೇಶವು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರುಗಳಿಂದ ಹಿಡಿದು ಬಳ್ಳಾರಿ, ಚಿತ್ರದುರ್ಗ, ತುಮಕೂರು, ಕೋಲಾರಗಳವರೆಗೆ ಹರಡಿಕೊಂಡಿದ್ದು, ಬರವೆಂಬುದು ಇಲ್ಲಿ ಎಂದೋ ಒಮ್ಮೆ ಬಂದೆರಗುವ ವಿಪತ್ತಾಗಿರದೆ ಕೆಲವು ವರ್ಷಗಳಿಗೊಮ್ಮೆ ತಪ್ಪದೆ ಬರುವ ನೆಂಟನಾಗಿದೆ. ಇಂಥ ನೆಲದಲ್ಲಿ ಮಳೆಯನ್ನು ಕರೆಯುವ ಕೆಲಸವನ್ನು ಊರಿನ ಹಿರಿಯರು ತಾವೇ ಇಟ್ಟುಕೊಳ್ಳದೆ ಬಹುಮಟ್ಟಿಗೆ ಮಕ್ಕಳ ತಲೆಯ ಮೇಲೆ ಹೊರಿಸಿದರೆಂಬುದು ಕರ್ನಾಟಕದ ಜಾನಪದದಲ್ಲಿ ಎದ್ದು ಕಾಣುವ, ಆದರೆ ಚರಿತ್ರಕಾರರು ಅಷ್ಟಾಗಿ ಗಮನಿಸದ ಸಂಗತಿ. ಉತ್ತರದ ಜಿಲ್ಲೆಗಳಲ್ಲಿ ಗುರ್ಜಿಯೆಂದೂ ಹಳೆಯ ಮೈಸೂರಿನ ಸೀಮೆಯಲ್ಲಿ ಮಳೆರಾಯನೆಂದೂ ಕರೆಯಲಾಗುವ ಈ ಆಚರಣೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರೂ, ಮುಗ್ಧ ಭಕ್ತಿಯೆಂದು ಕೊಂಡಾಡುವವರೂ ಅದರೊಳಗಿರುವ ಹಂಚಿಕೆಯ ಏರ್ಪಾಟನ್ನು ನೋಡದೆ ಹೋಗಿದ್ದಾರೆ.

ಬರದ ಚರಿತ್ರೆಗೆ ಎರಡು ಬಗೆಯ ದಾಖಲೆಗಳಿವೆ. ಮೊದಲನೆಯದು ಸರ್ಕಾರದ ಲೆಕ್ಕಪತ್ರ. 1396ರಿಂದ ಹಲವು ವರ್ಷಗಳ ಕಾಲ ದಖ್ಖನನ್ನು ಕಾಡಿತೆನ್ನಲಾದ ದುರ್ಗಾದೇವಿ ಬರ, ಹೂಳುವವರಿಲ್ಲದೆ ಬಿದ್ದ ತಲೆಬುರುಡೆಗಳಿಂದಾಗಿ ಡೋಗಿ ಬರವೆಂಬ ಹೆಸರು ಪಡೆದ 1791–92ರ ಬರ, ಧಾತು ಸಂವತ್ಸರದಲ್ಲಿ ಮೊದಲಾದುದರಿಂದ ಧಾತು ಬರವೆಂದು ಜನ ಕರೆದ 1876–78ರ ಮಹಾಕ್ಷಾಮ, ಇವೆಲ್ಲವೂ ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿ, ಅಂದರೆ ಜಿಲ್ಲೆಯೊಂದರ ನೆಲ, ಜನ, ಬೆಳೆ, ಚರಿತ್ರೆಗಳನ್ನು ಒಟ್ಟಿಗೆ ವಿವರಿಸುವ ಸರ್ಕಾರಿ ಗ್ರಂಥಗಳಲ್ಲಿ, ಈಚಿನ ಬರಗಳ ಮಟ್ಟಿಗೆ ಮಳೆಯ ಇಂಚು ಮತ್ತು ಜೋಳದ ಧಾರಣೆಗಳ ಸಮೇತ, ದಾಖಲಾಗಿವೆ. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರ ಗಣತಿಯಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿದದ್ದನ್ನು ನೋಡಿದರೆ ಆ ಒಂದು ಕ್ಷಾಮವು ಎಷ್ಟು ಮನೆಗಳ ಒಲೆಯನ್ನು ಆರಿಸಿರಬಹುದೆಂಬುದು ತಿಳಿಯುತ್ತದೆ. ಎರಡನೆಯದು ಬಾಯಿಂದ ಬಾಯಿಗೆ ಬಂದ ಹಾಡು, ಕಥೆ ಮತ್ತು ಆಚರಣೆಗಳ ದಾಖಲೆ. ಇದರಲ್ಲಿ ಇಸವಿಯೂ ಅಂಕಿಯೂ ಸಿಗುವುದಿಲ್ಲ. ಆದರೆ ಯಾರ ಮನೆಯ ನೀರು ಯಾರ ತಲೆಯ ಮೇಲೆ ಬಿತ್ತು, ಯಾರ ಕಣಜದ ಕಾಳು ಯಾರ ಹೊಟ್ಟೆಗೆ ಹೋಯಿತು ಎಂಬ ವಿವರಗಳು ಇದರಲ್ಲಿ ಮಾತ್ರ ಸಿಗುತ್ತವೆ.

ಆಚರಣೆಯ ಹೊತ್ತನ್ನು ಗೊತ್ತುಮಾಡುತ್ತಿದ್ದುದು ಮಳೆ ನಕ್ಷತ್ರಗಳ ಪಂಚಾಂಗ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳನ್ನು ಒಂದೊಂದು ಮಳೆಯೆಂದು ಎಣಿಸಿ, ಯಾವ ಮಳೆಗೆ ಏನನ್ನು ಬಿತ್ತಬೇಕೆಂಬುದನ್ನು ಗಾದೆಗಳ ಮೂಲಕ ನೆನಪಿಟ್ಟುಕೊಳ್ಳುತ್ತಿದ್ದ ರೈತರಿಗೆ, ಮೇ ಕೊನೆಯ ರೋಹಿಣಿ ಕೈಕೊಟ್ಟರೆ ಚಿಂತೆ, ಜೂನಿನ ಮೃಗಶಿರವೂ ಒಣಗಿ ಹೋದರೆ ಗಾಬರಿ, ಆರಿದ್ರಾ ಹುಟ್ಟಿದರೂ ಹನಿಯಿಲ್ಲದಿದ್ದರೆ ಮುಂಗಾರಿ ಬೆಳೆಯ ಆಸೆಯನ್ನೇ ಬಿಡಬೇಕಾದ ಸ್ಥಿತಿ. ಕೂರಿಗೆ ಸಿದ್ಧವಾಗಿದ್ದು ಬೀಜ ಮಾತ್ರ ನೆಲಕ್ಕೆ ಬೀಳದಿರುವ ಈ ದಿನಗಳಲ್ಲಿಯೇ ಗುರ್ಜಿ ಹೊರಡುತ್ತಿತ್ತು. ದಿನದರ್ಶಿಕೆಯಲ್ಲಿ ತನ್ನದೇ ಆದ ತಿಥಿಯಿರುವ ಹಬ್ಬಗಳ ಸಾಲಿಗೆ ಅದು ಸೇರಿಲ್ಲವಾದ್ದರಿಂದ, ಯಾವ ಊರಿನಲ್ಲಿ ಗುರ್ಜಿ ಹೊರಟಿತೋ ಆ ಊರಿಗೆ ಮಳೆ ತಪ್ಪಿದೆಯೆಂಬುದನ್ನು ಸುತ್ತಲಿನವರೆಲ್ಲ ತಿಳಿದುಕೊಳ್ಳುತ್ತಿದ್ದರು.

ಗುರ್ಜಿಯ ಸಾಮಗ್ರಿ ಅತ್ಯಂತ ಅಗ್ಗದ್ದು. ಅಡುಗೆಮನೆಯ ರೊಟ್ಟಿ ಹಂಚನ್ನು ಅಥವಾ ಒಂದು ಮರದ ಹಲಗೆಯನ್ನು ತೆಗೆದುಕೊಂಡು, ಅದರ ಮೇಲೆ ಹಸಿ ಸಗಣಿಯಿಂದ ಗುರ್ಜಿಯನ್ನು, ಅಂದರೆ ಸಣ್ಣ ಮೂರ್ತಿಯೊಂದನ್ನು, ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿ, ಅರಿಸಿನ ಕುಂಕುಮ ಹಚ್ಚಿ, ಒಬ್ಬ ಹುಡುಗನ ತಲೆಯ ಮೇಲೆ ಹೊರಿಸಲಾಗುತ್ತದೆ. ಉಳಿದ ಮಕ್ಕಳು ಅವನ ಹಿಂದೆ ಮಳೆಯನ್ನು ಕರೆಯುವ ಪದ ಹೇಳುತ್ತ ಓಣಿ ಓಣಿ ತಿರುಗುತ್ತಾರೆ. ಹೊಸ್ತಿಲ ಮುಂದೆ ಗುಂಪು ನಿಂತೊಡನೆ ಮನೆಯ ಹೆಣ್ಣುಮಗಳು ಒಂದು ತಂಬಿಗೆಯಲ್ಲೋ ಕೊಡದಲ್ಲೋ ನೀರು ತಂದು ಗುರ್ಜಿಯ ಮೇಲೆ ಸುರಿಯುತ್ತಾಳೆ. ಸುರಿಯುತ್ತಿದ್ದಂತೆಯೇ ಹೊತ್ತ ಹುಡುಗನು ನಿಂತಲ್ಲೇ ಗಿರಗಿರನೆ ತಿರುಗಬೇಕು, ನೀರು ಹಂಚಿನ ಅಂಚಿನಿಂದ ಸುತ್ತಲೂ ಸಿಡಿದು ಗೋಡೆ, ಕಟ್ಟೆ, ನೋಡುತ್ತ ನಿಂತವರ ಸೀರೆ ಧೋತರಗಳನ್ನು ತೋಯಿಸಬೇಕು. ಆಮೇಲೆ ಮೊರದಲ್ಲಿ ಜೋಳವೋ ಹಿಟ್ಟೋ, ಜೊತೆಗೆ ಉಪ್ಪು, ಒಣಮೆಣಸಿನಕಾಯಿ, ಬೇಳೆ, ಕೈಲಾದರೆ ಒಂದಿಷ್ಟು ಕಾಸು ಮಕ್ಕಳ ಜೋಳಿಗೆಗೆ ಬೀಳುತ್ತದೆ. ಹೀಗೆ ಕೆಲವು ದಿನ ಊರೆಲ್ಲ ತಿರುಗಿದ ಮೇಲೆ ಕೂಡಿದ ಕಾಳುಕಡಿಯನ್ನು ಹನುಮಪ್ಪನ ಗುಡಿಯ ಮುಂದೆಯೋ ಊರ ಹೊರಗಿನ ಬಯಲಿನಲ್ಲೋ ಬೇಯಿಸಿ, ಮಕ್ಕಳೆಲ್ಲ ಸಾಲಾಗಿ ಕುಳಿತು ಉಂಡಲ್ಲಿಗೆ ಆಚರಣೆ ಮುಗಿಯುತ್ತದೆ. ಪುರೋಹಿತನಿಲ್ಲ, ಮಂತ್ರವಿಲ್ಲ, ದಕ್ಷಿಣೆಯಿಲ್ಲ.

ಜಾನಪದ ವಿದ್ವಾಂಸರು ಇದನ್ನು ಅನುಕರಣೆಯ ಮಾಂತ್ರಿಕತೆಯೆಂದು ವಿವರಿಸುವುದು ವಾಡಿಕೆ. ಬಯಸಿದ ಘಟನೆಯನ್ನು ಸಣ್ಣ ಪ್ರಮಾಣದಲ್ಲಿ ನಟಿಸಿ ತೋರಿಸಿದರೆ ನಿಸರ್ಗವು ಅದನ್ನೇ ದೊಡ್ಡದಾಗಿ ಮಾಡುತ್ತದೆಂಬ ನಂಬಿಕೆಗೆ ಈ ಹೆಸರಿದ್ದು, ಜೇಮ್ಸ್ ಫ್ರೇಜರನು ತನ್ನ ‘ದಿ ಗೋಲ್ಡನ್ ಬೌ’ ಗ್ರಂಥದಲ್ಲಿ ಇಂಥ ಉದಾಹರಣೆಗಳನ್ನು ಲೋಕದ ಮೂಲೆಮೂಲೆಗಳಿಂದ ಕಲೆಹಾಕಿದ್ದಾನೆ. ಬಾಲ್ಕನ್ ನಾಡುಗಳ ದೊದೊಲಾ ಆಚರಣೆಯಲ್ಲಿ ಎಲೆಬಳ್ಳಿ ಸುತ್ತಿಕೊಂಡ ಹುಡುಗಿಯ ಮೇಲೆ ಮನೆಮನೆಯವರು ನೀರು ಸುರಿಯುತ್ತಾರೆ. ಕರ್ನಾಟಕದ ಬೇಲಿಗೆ ಹೊಂದಿಕೊಂಡ ಮರಾಠಿ ಸೀಮೆಯಲ್ಲಿ ಬೇವಿನ ಸೊಪ್ಪು ಕಟ್ಟಿಕೊಂಡ ಧೋಂಡಿಯ ಹುಡುಗನೂ, ತೆಲುಗು ಸೀಮೆಯಲ್ಲಿ ಒನಕೆಗೆ ಕಪ್ಪೆಯನ್ನು ಕಟ್ಟಿ ಹೊತ್ತು ತರುವ ಕಪ್ಪತಲ್ಲಿಯ ಮಕ್ಕಳೂ ಹೀಗೆಯೇ ತೋಯಿಸಿಕೊಳ್ಳುತ್ತಾರೆ. ಈ ಸಾಮ್ಯವು ಆಚರಣೆಯ ಹಳಮೆಯನ್ನೂ ಹರವನ್ನೂ ತೋರಿಸುತ್ತದೆಂಬುದು ನಿಜವಾದರೂ, ಮಾಂತ್ರಿಕತೆಯ ಸಿದ್ಧಾಂತವು ನೀರಿನ ಅರ್ಧವನ್ನು ವಿವರಿಸಿ ಜೋಳದ ಅರ್ಧವನ್ನು ಬಿಟ್ಟುಬಿಡುತ್ತದೆ. ಮಳೆಯನ್ನು ನಟಿಸುವುದಷ್ಟೇ ಉದ್ದೇಶವಾಗಿದ್ದರೆ ಊರ ಬಾವಿಯ ಕಟ್ಟೆಯ ಮೇಲೆ ಒಂದು ಕೊಡ ನೀರು ಸುರಿದುಕೊಂಡರೆ ಸಾಕಿತ್ತು. ಪ್ರತಿ ಹೊಸ್ತಿಲಿಗೂ ಹೋಗಿ ಕಾಳೆತ್ತುವ ಅಗತ್ಯವಿರಲಿಲ್ಲ.

ಎರೆಭೂಮಿಯ ಊರುಗಳಲ್ಲಿ ಉಳ್ಳವರು ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಆಳವಾದ ಕಣಜದಲ್ಲಿ, ವರ್ಷಗಟ್ಟಲೆ ಕೂಡಿಡುತ್ತಿದ್ದರು. ಬಾಯಿ ಮುಚ್ಚಿ ಮೇಲೆ ಮಣ್ಣೆಳೆದರೆ ಒಳಗೆ ಎಷ್ಟಿದೆಯೆಂಬುದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಮಳೆ ತಪ್ಪಿತೆಂದೊಡನೆ ಧಾರಣೆ ಏರುತ್ತದೆ, ಹಗೇವಿನ ಬಾಯಿ ಇನ್ನಷ್ಟು ಬಿಗಿಯಾಗುತ್ತದೆ. ಕೂಲಿಗೆ ಕೆಲಸವಿಲ್ಲದೆ, ಸಾಲಕ್ಕೆ ಕಾಳು ಹುಟ್ಟದೆ ಇರುವ ಮನೆಗಳಲ್ಲಿ ಮೊದಲು ಹಸಿಯುವವರು ಮಕ್ಕಳು. ಬೇಡಲು ನಾಚುವ ಮನೆತನದ ಮಗುವೂ, ಬೇಡದೆ ಗತಿಯಿಲ್ಲದ ಮನೆಯ ಮಗುವೂ ಒಂದೇ ಜೋಳಿಗೆಯ ಹಿಂದೆ ಹೋಗಬಹುದಾದ ಹೊತ್ತು ಗುರ್ಜಿಯದು. ಗುರ್ಜಿಯನ್ನು ಬರಿಗೈಯಲ್ಲಿ ಕಳಿಸಿದ ಮನೆಯವರು ಮಳೆಗೆ ಅಡ್ಡಿಯಾದರೆಂಬ ಮಾತಿಗೆ ಗುರಿಯಾಗಬೇಕಾದ್ದರಿಂದ ಉಳ್ಳವರು ಇಲ್ಲವೆನ್ನುವುದು ಸುಲಭವಿರಲಿಲ್ಲ. ಆಚರಣೆಯ ಕೊನೆಯಲ್ಲಿ ನಡೆಯುವ ಊಟವನ್ನು ಪ್ರಸಾದವೆಂದು ಕರೆದರೂ, ಅದನ್ನು ಸರ್ಕಾರಗಳು ಗಂಜಿಕೇಂದ್ರ ತೆರೆಯುವುದಕ್ಕೆ ಎಷ್ಟೋ ಮೊದಲು ಊರೇ ತೆರೆದುಕೊಂಡ ಗಂಜಿಕೇಂದ್ರವೆಂದು ಓದುವುದರಲ್ಲಿ ತಪ್ಪೇನೂ ಇಲ್ಲ. ನೀರಿಗೂ ಇದೇ ಮಾತು ಸಲ್ಲುತ್ತದೆ. ಹರದಾರಿ ದೂರದಿಂದ ಹೊತ್ತು ತಂದ ನೀರಿನಲ್ಲಿ ಒಂದು ತಂಬಿಗೆಯನ್ನು ಪರರ ಮಗುವಿನ ತಲೆಯ ಮೇಲೆ ಸುರಿಯುವುದೆಂದರೆ, ತನ್ನ ಮನೆಯಲ್ಲಿ ಇನ್ನೂ ನೀರಿದೆಯೆಂಬುದನ್ನು ಓಣಿಯೆದುರು ಒಪ್ಪಿಕೊಂಡಂತೆ.

ದಕ್ಷಿಣದ ಮಳೆರಾಯನ ಪೂಜೆಯಲ್ಲಿ ಸಗಣಿಯ ಬದಲು ಮಣ್ಣಿನ ಮೂರ್ತಿ, ಗರಿಕೆಯ ಬದಲು ಬೇವಿನ ಸೊಪ್ಪು. ಉಳಿದ ಕ್ರಮ ಹೆಚ್ಚುಕಡಿಮೆ ಒಂದೇ ಆಗಿದ್ದು, ಕೊನೆಗೆ ಮೂರ್ತಿಯನ್ನು ಕೆರೆಯಲ್ಲೋ ಬಾವಿಯಲ್ಲೋ ಬಿಡುತ್ತಾರೆ. ಬೆಳದಿಂಗಳ ರಾತ್ರಿಗಳಲ್ಲಿ ಬೀದಿಯ ನಡುವೆ ಚಂದ್ರನ ಚಿತ್ರ ಬರೆದು ಪೂಜಿಸುವ ತಿಂಗಳಮಾವನ ಆಚರಣೆಯೂ ಕೆಲವೆಡೆ ಇದಕ್ಕೆ ಜೊತೆಯಾಗುತ್ತದೆ. ಆದರೆ ಹಳೆಯ ಮೈಸೂರು ಕೆರೆಗಳ ನಾಡು ಎಂಬುದು ಇಲ್ಲಿನ ಜಾನಪದಕ್ಕೆ ಇನ್ನೊಂದು ಮುಖವನ್ನು ಕೊಟ್ಟಿದೆ. 1866ರಲ್ಲಿ ಮೈಸೂರಿನ ಕೆರೆಗಳನ್ನು ಕುರಿತು ವರದಿ ಮಾಡಿದ ಎಂಜಿನಿಯರ್ ಮೇಜರ್ ಸ್ಯಾಂಕಿಯು, ಸಂಸ್ಥಾನದ ನೆಲದಲ್ಲಿ ನೂರಕ್ಕೆ ಸುಮಾರು 60 ಪಾಲು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಯೊಂದಕ್ಕೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟರ ಮಟ್ಟಿಗೆ ಜನರು ನೀರನ್ನು ಹಿಡಿದಿಟ್ಟಿದ್ದಾರೆಂದೂ ಬೆರಗಾಗಿದ್ದನು. ಈ ವ್ಯವಸ್ಥೆಯ ಬೆನ್ನೆಲುಬಾಗಿದ್ದುದು ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಬಿತ್ತುವಟ್ಟ, ಎಂದರೆ ಕೆರೆಯ ದುರಸ್ತಿಗೆಂದು ಮೀಸಲಿಟ್ಟ ಉತ್ಪನ್ನದ ಪಾಲು; ಕೆರೆಗೊಡಗೆ, ಎಂದರೆ ಕೆರೆ ಕಟ್ಟಿದವರಿಗೆ ಅಥವಾ ಕಾಪಾಡುವವರಿಗೆ ಬಿಟ್ಟ ಭೂಮಿ; ಮತ್ತು ತೂಬೆತ್ತಿ ಗದ್ದೆಗದ್ದೆಗೂ ಸರದಿಯಂತೆ ನೀರು ಬಿಡುವ ನೀರುಗಂಟಿಯ ಹುದ್ದೆ. ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರನು 1369ರಲ್ಲಿ ಇಂದಿನ ಆಂಧ್ರದ ಪೋರುಮಾಮಿಳ್ಳದಲ್ಲಿ ಹಾಕಿಸಿದ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಪಟ್ಟಿಮಾಡಿ, ಆ ಕೆರೆಯನ್ನು ಕಟ್ಟಲು ಸಾವಿರ ಆಳುಗಳು ಎರಡು ವರ್ಷ ದುಡಿದರೆಂದು ಹೇಳುತ್ತದೆ.

ಇಷ್ಟು ದೊಡ್ಡ ದುಡಿಮೆ ಬೇಡುವ ಕೆರೆಯ ಸುತ್ತ ಹುಟ್ಟಿದ ಕಥೆಗಳು ಬೇಡುವ ಬೆಲೆಯೂ ದೊಡ್ಡದೇ. ‘ಕೆರೆಗೆ ಹಾರ’ ಎಂಬ ಪ್ರಸಿದ್ಧ ಕಥನಗೀತೆಯಲ್ಲಿ ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ಹನಿ ನೀರೂ ಬಾರದಿರಲು, ಹೊತ್ತಗೆ ತೆಗೆಸಿ ಕೇಳಿದಾಗ ಸೊಸೆಯೊಬ್ಬಳನ್ನು ಬಲಿ ಕೊಡಬೇಕೆಂಬ ಉತ್ತರ ಬರುತ್ತದೆ. ಉಳಿದವರನ್ನು ಬಿಟ್ಟು ಕಿರಿಯ ಸೊಸೆ ಭಾಗೀರಥಿಯ ಮೇಲೆ ಆ ಬಲಿ ಬೀಳುತ್ತದೆ. ದಂಡಿಗೆ ಹೋಗಿದ್ದ ಗಂಡನು ಮರಳಿ ಬಂದು ನಡೆದದ್ದನ್ನು ತಿಳಿದು ಅದೇ ನೀರಿಗೆ ಹಾರುತ್ತಾನೆ. ಇಂಥ ಬಲಿಗಳು ನಿಜಕ್ಕೂ ನಡೆದವೇ ಎಂಬ ಚರ್ಚೆಗಿಂತ, ಗೌಡನ ಗೌರವಕ್ಕಾಗಿ ಮನೆಯಲ್ಲಿ ಮಾತಿನ ಹಕ್ಕು ಎಲ್ಲರಿಗಿಂತ ಕಡಿಮೆಯಿದ್ದವಳು ಬೆಲೆ ತೆರಬೇಕಾಯಿತೆಂಬುದನ್ನು ಹಾಡಿದ ಹೆಂಗಸರು ಎಷ್ಟು ಸ್ಪಷ್ಟವಾಗಿ ಕಂಡಿದ್ದರೆಂಬುದು ಮುಖ್ಯ. ಕೆರೆಯ ಕಥೆಗಳು ಒಡೆತನದ ಕಥೆಗಳು, ಅವುಗಳ ನೀರು ಗೌಡನ ಹೆಸರಿನಲ್ಲಿ ಬರುತ್ತದೆ. ಮುಗಿಲನ್ನಷ್ಟೇ ನಂಬಿದ ಹೊಲಗಳ ಗುರ್ಜಿಗೆ ಬೇಕಾದದ್ದು ಒಂದು ತಂಬಿಗೆ ನೀರು, ಒಂದು ಬೊಗಸೆ ಜೋಳ. ಮುಗಿಲಿಗೆ ಒಡೆಯನಿಲ್ಲದಿರುವುದೇ ಈ ವ್ಯತ್ಯಾಸಕ್ಕೆ ಕಾರಣವೆಂದು ಊಹಿಸಬಹುದು.

ಮಕ್ಕಳನ್ನೇ ಏಕೆ ಆರಿಸಿದರೆಂಬ ಪ್ರಶ್ನೆಗೆ ಶಿಷ್ಟ ಪರಂಪರೆಯಲ್ಲಿಯೂ ಒಂದು ಉತ್ತರವಿದೆ. ರಾಮಾಯಣದ ಬಾಲಕಾಂಡದಲ್ಲಿಯೂ ಮಹಾಭಾರತದ ವನಪರ್ವದಲ್ಲಿಯೂ ಬರುವ ಋಷ್ಯಶೃಂಗನು ಕಾಡಿನಲ್ಲಿ ತಂದೆಯನ್ನಲ್ಲದೆ ಬೇರೊಬ್ಬರನ್ನು ಕಾಣದೆ ಬೆಳೆದ, ಲೋಕದ ಕಲ್ಮಷ ಅರಿಯದ ಎಳೆಯ. ಅವನ ಕಾಲು ಸೋಕಿದೊಡನೆ ಬರದಿಂದ ಬೆಂದ ಅಂಗದೇಶದಲ್ಲಿ ಮಳೆ ಸುರಿಯಿತೆನ್ನುತ್ತದೆ ಕಥೆ. ಶೃಂಗೇರಿಯ ಬಳಿಯ ಕಿಗ್ಗದಲ್ಲಿ ಅವನ ಹೆಸರಿನ ಗುಡಿಯಿದ್ದು, ಮಳೆ ಬೇಡುವವರು ಅಲ್ಲಿಗೆ ಇಂದಿಗೂ ಹೋಗುತ್ತಾರೆ. ತಪ್ಪು ಮಾಡದವನ ಮೊರೆ ಬೇಗ ಮುಟ್ಟುತ್ತದೆಂಬ ನಂಬಿಕೆ ಹಳ್ಳಿಯ ಮಕ್ಕಳ ಆಚರಣೆಯ ಹಿಂದೆಯೂ ಇದೆ. ಆದರೆ ಜನಪದರ ಮನಸ್ಸು ಇಷ್ಟಕ್ಕೇ ನಿಲ್ಲದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವುದನ್ನು ಜೋಕುಮಾರನಲ್ಲಿ ಕಾಣಬಹುದು.

ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಯ ಹೊತ್ತಿಗೆ ಸಾಯುವ ಜೋಕುಮಾರನದು ಏಳು ದಿನದ ಆಯುಷ್ಯ. ಅಂಬಿಗರ ಮನೆತನದ ಹೆಂಗಸರು ಅವನ ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪು ಹಾಸಿದ ಬುಟ್ಟಿಯಲ್ಲಿಟ್ಟು, ಬಾಯಿಗೆ ಬೆಣ್ಣೆ ಸವರಿ, ಮನೆಯಿಂದ ಮನೆಗೆ ಹೊತ್ತು ಹಾಡುತ್ತಾರೆ; ಕಾಳು ಕೊಟ್ಟವರಿಗೆ ಬೇವಿನೆಲೆಯನ್ನೂ ನುಚ್ಚನ್ನೂ ಮರಳಿ ಕೊಡುತ್ತಾರೆ, ರೈತರು ಅದನ್ನು ಅಂಬಲಿಯಲ್ಲಿ ಕಲಸಿ ಹೊಲಕ್ಕೆ ಚರಗ, ಅಂದರೆ ನೈವೇದ್ಯವಾಗಿ ಎರಚುವ ಎಡೆ, ಚೆಲ್ಲುತ್ತಾರೆ. ಇದಕ್ಕೆ ಸೇರಿದ ನಂಬಿಕೆ ಬಹಳ ಹರಿತವಾದದ್ದು. ಅದೇ ತಿಂಗಳ ಚೌತಿಗೆ ಬಂದ ಗಣಪನು ಕಡುಬು ಹೋಳಿಗೆ ಉಂಡು, ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆಂದು ಶಿವನಿಗೆ ಹೇಳಿಹೋಗುತ್ತಾನೆ. ಬಡವರ ಅಂಬಲಿ ಉಂಡ ಜೋಕುಮಾರನು ಸತ್ತು ಹೋಗಿ, ಮಳೆಯಿಲ್ಲದೆ ಬೆಳೆ ಬಾಡಿದೆ, ಜನ ಕಂಗೆಟ್ಟಿದ್ದಾರೆ ಎಂಬ ನಿಜವನ್ನು ಒಪ್ಪಿಸುತ್ತಾನೆ, ಆಗ ಮಳೆ ಬರುತ್ತದೆ. ಪ್ರವಾಸಕ್ಕೆ ಬಂದ ಸಾಹೇಬರಿಗೆ ಊರಿನ ಒಳ್ಳೆಯ ಭಾಗವನ್ನಷ್ಟೇ ತೋರಿಸುವ ಪದ್ಧತಿಯನ್ನು ಬಲ್ಲ ಜನ ಈ ಕಥೆಯನ್ನು ಕಟ್ಟಿದ್ದಾರೆ. ಹಿಂಗಾರಿ ಬಿತ್ತನೆಯ ಮುನ್ನಾದಿನಗಳಲ್ಲಿ ಈ ಆಚರಣೆ ಬರುವುದೂ ಆಕಸ್ಮಿಕವಲ್ಲ.

ಬರದ ಜಾನಪದವೆಲ್ಲ ಹೀಗೆ ಹಿತವಾದುದೆಂದು ಹೇಳಲಾಗದು. ತೊನ್ನು ಅಥವಾ ಕುಷ್ಠವಿದ್ದವರನ್ನು ಹೂಳಿದ್ದರಿಂದಲೇ ಮಳೆ ಹೋಯಿತೆಂದು ಗೋರಿಯಿಂದ ಹೆಣವನ್ನು ಹೊರತೆಗೆಸುವ ಕ್ರೂರ ರೂಢಿಯೂ ಇದೇ ನೆಲದಲ್ಲಿ ಬಾಳಿಕೊಂಡು ಬಂದಿದೆ. ಊರ ಬಾವಿಗೆ ಕೊಡ ಇಳಿಸಲು ಎಲ್ಲ ಜಾತಿಯವರಿಗೂ ಬಿಡದಿದ್ದ ಊರುಗಳಲ್ಲಿ, ಗುರ್ಜಿಯು ಎಲ್ಲ ಕೇರಿಗಳಿಗೂ ಒಂದೇ ಬಗೆಯಲ್ಲಿ ಹೋಗುತ್ತಿತ್ತೆಂದು ಭಾವಿಸುವುದೂ ಆತುರದ ಮಾತಾದೀತು. ಹಂಚಿಕೆಗೂ ಒಂದು ಗೆರೆಯಿತ್ತು. ಆ ಗೆರೆಯನ್ನು ಮಕ್ಕಳು ಎಳೆದುದಾಗಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಪದಗಳನ್ನು ಕಾಗದಕ್ಕಿಳಿಸುವ ಕೆಲಸ ಬಹುಮಟ್ಟಿಗೆ ಬರದ ಸೀಮೆಯವರಿಂದಲೇ ನಡೆಯಿತು. ಭೀಮಾತೀರದ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು 1930ರ ದಶಕದ ಆರಂಭದಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ಮೇಲೆ ಹಳ್ಳಿಯ ಹಾಡಿಗೆ ವಿದ್ವತ್ತಿನ ಮನ್ನಣೆ ದೊರೆಯಿತು. ಅತ್ತ ಸರ್ಕಾರವು 2003ರಲ್ಲಿ ವರುಣ ಎಂಬ ಹೆಸರಿನಲ್ಲಿಯೂ 2017ರಲ್ಲಿ ವರ್ಷಧಾರಿ ಎಂಬ ಹೆಸರಿನಲ್ಲಿಯೂ ಮೋಡಬಿತ್ತನೆಯನ್ನು, ಅಂದರೆ ವಿಮಾನದಿಂದ ಮೋಡಗಳಿಗೆ ರಾಸಾಯನಿಕ ಎರಚಿ ಮಳೆ ತರಿಸುವ ಪ್ರಯೋಗವನ್ನು, ನಡೆಸಿತು. 2019ರ ಜೂನಿನಲ್ಲಿ ಮುಜರಾಯಿ ದೇವಾಲಯಗಳಲ್ಲಿ ಪರ್ಜನ್ಯ ಹೋಮ ಮಾಡಿಸಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮಳೆ ತಡವಾದ ವರ್ಷಗಳಲ್ಲಿ ಗುರ್ಜಿಯ ಹುಡುಗರು ಈಗಲೂ ಹೊರಡುತ್ತಾರೆ; ಸುರಿಯುವ ಕೊಡ ಪ್ಲಾಸ್ಟಿಕ್ಕಿನದು, ಅದರೊಳಗಿನ ನೀರು ಎಷ್ಟೋ ಕಡೆ ಟ್ಯಾಂಕರಿನದು ಅಥವಾ ನೂರಾರು ಅಡಿ ಆಳದ ಕೊಳವೆಬಾವಿಯದು, ಜೋಳದ ಜಾಗದಲ್ಲಿ ಹೆಚ್ಚಾಗಿ ನೋಟು.

ಸಂಗ್ರಾಹಕರು ಹಾಡನ್ನು ಬರೆದುಕೊಂಡಷ್ಟು ಶ್ರದ್ಧೆಯಿಂದ ಅದರ ಸಂದರ್ಭವನ್ನು ಬರೆದುಕೊಂಡಿಲ್ಲ: ಯಾವ ವರ್ಷ, ಯಾವ ಮಳೆ ತಪ್ಪಿದಾಗ, ಯಾವ ಕೇರಿಯಿಂದ ಹೊರಟು ಯಾವ ಕೇರಿಗೆ ಹೋಗದೆ ಉಳಿಯಿತು, ಎಷ್ಟು ಸೇರು ಕಾಳು ಕೂಡಿತು, ಎಷ್ಟು ಮಕ್ಕಳು ಉಂಡರು ಎಂಬ ವಿವರಗಳು ಪುಸ್ತಕಗಳಲ್ಲಿ ವಿರಳ. ಹಿಂದೆ ಗುರ್ಜಿ ಹೊತ್ತು, 1972ರ ಬರವನ್ನೂ ಕಂಡವರು ಇಂದು ಅರವತ್ತು ದಾಟಿದ್ದಾರೆ. ಆಯಾ ಜಿಲ್ಲೆಯ ಕಾಲೇಜುಗಳ ಚರಿತ್ರೆ ಮತ್ತು ಕನ್ನಡ ವಿಭಾಗಗಳು ಅವರನ್ನು ಈಗಲೇ ಕೇಳಿ ಬರೆದಿಡಬೇಕು, ಗೆಜೆಟಿಯರಿನ ಧಾರಣೆಯ ಪಟ್ಟಿಯ ಪಕ್ಕದಲ್ಲಿ ಅದನ್ನಿಟ್ಟು ಓದಬೇಕು.